ಕಾಫಿ ಕಣದಲ್ಲಿ ಐದು ಜನರ ನೆಟ್‌ಬಾಲ್: ಕಂಬ, ರಿಂಗ್ ಮತ್ತು ಸರದಿ ಹಲಗೆ

ರೊಬಸ್ಟಾ ತಳಿಯ ಕಾಫಿ ಕೊಯ್ಲು ಮುಗಿದು, ಒಣಗಿದ ಕಾಫಿ ಎಲ್ಲ ಗೋಡೌನ್ ಸೇರಿದ ಮೇಲೆ ಕಣಕ್ಕೆ ಕೆಲಸವಿಲ್ಲ. ಕೊಡಗಿನ ಗೋಣಿಕೊಪ್ಪದ ಹತ್ತಿರ ಇರುವ ನಮ್ಮ ದೊಡ್ಡಪ್ಪನ ತೋಟದ ಸಿಮೆಂಟ್ ಕಣ 22 ಮೀಟರ್ ಉದ್ದ, 12 ಮೀಟರ್ ಅಗಲ ಇದೆ. ಮಾರ್ಚ್ ಕೊನೆಯಿಂದ ಮಳೆ ಹಿಡಿಯುವ ತನಕ ಅದು ಖಾಲಿ. ಅದೇ ಹೊತ್ತಿಗೆ ಮಕ್ಕಳಿಗೂ ಬೇಸಿಗೆ ರಜೆ. ತೋಟದ ಕೆಲಸಗಾರರು ಇರುವ ಲೈನ್ ಮನೆಯ ಮಕ್ಕಳು, ಪಕ್ಕದ ತೋಟದವರು, ಬೆಂಗಳೂರು ಮೈಸೂರಿನಿಂದ ಅಜ್ಜಿ ಮನೆಗೆ ಬಂದವರು, ಎಲ್ಲ ಸೇರಿದರೆ ಒಂದು ದೊಡ್ಡ ಗುಂಪೇ ಆಗುತ್ತದೆ.

ಕೊಡಗಿನಲ್ಲಿ ಆಟ ಅಂದರೆ ಮೊದಲು ಬಾಯಿಗೆ ಬರುವುದು ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದ ಮಾತು ಕೇಳದೆ ಇಲ್ಲಿ ಯಾವ ಮಗುವೂ ದೊಡ್ಡದಾಗುವುದಿಲ್ಲ. ಆದರೆ ಸಿಮೆಂಟ್ ಕಣದಲ್ಲಿ ಹಾಕಿ ಚೆಂಡು ಎಲ್ಲಿ ಹಾರುತ್ತದೆ ಅಂತ ಹೇಳಲಾಗದು. ಸ್ಟಿಕ್ ಇರುವವರು ಆಡುತ್ತಾರೆ, ಇಲ್ಲದವರು ಕಟ್ಟೆ ಮೇಲೆ ಕೂತು ನೋಡುತ್ತಾರೆ. ಒಂದೇ ಚೆಂಡಿನಲ್ಲಿ ಎಲ್ಲರೂ ಆಡುವಂಥದ್ದು ಬೇಕಿತ್ತು. ನಾನು ಕಾಲೇಜಿನಲ್ಲಿ ನೆಟ್‌ಬಾಲ್ ಆಡಿದವಳು. ಕೈಯಿಂದ ಕೈಗೆ ಚೆಂಡು ಪಾಸ್ ಮಾಡುತ್ತ ಕಂಬದ ಮೇಲಿನ ರಿಂಗಿಗೆ ಹಾಕುವ ಆಟ. ಅದನ್ನೇ ಮಾಡೋಣ ಅಂದೆ.

ಪೂರ್ತಿ ನೆಟ್‌ಬಾಲಿಗೆ ಒಂದು ತಂಡದಲ್ಲಿ ಏಳು ಜನ, ಅಂಕಣ 30.5 ಮೀಟರಿಗೆ 15.25 ಮೀಟರ್. ನಮ್ಮ ಕಣ ಅಷ್ಟು ದೊಡ್ಡದಲ್ಲ. ಇಂಗ್ಲೆಂಡಿನಲ್ಲಿ ಒಂಬತ್ತರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ ಹೈ ಫೈವ್ ಅಂತ ಒಂದು ರೂಪ ಮಾಡಿದ್ದರು. ಅಂಕಣದಲ್ಲಿ ಐದು ಜನ, ಕಂಬ ಗಿಡ್ಡ, ಚೆಂಡು ಸಣ್ಣದು. ಪಂದ್ಯದಲ್ಲಿ ನಾಲ್ಕು ಭಾಗ, ಅಂದರೆ ಕ್ವಾರ್ಟರ್. ಪ್ರತಿ ಕ್ವಾರ್ಟರ್‌ಗೂ ಎಲ್ಲರ ಜಾಗ ಬದಲು. ಹೊರಗಿರುವವರು ಸುಮ್ನೆ ಕೂರುವಂತಿಲ್ಲ, ಅವರಿಗೂ ಒಂದೊಂದು ಕೆಲಸ. ನನಗೆ ಇಷ್ಟವಾಗಿದ್ದು ಇದೇ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಎತ್ತರದ ಹುಡುಗ ದಿನವೂ ಗೋಲ್ ಹಾಕುತ್ತಾನೆ, ಚಿಕ್ಕವಳು ದಿನವೂ ಹಿಂದೆ ನಿಲ್ಲುತ್ತಾಳೆ. ಜಾಗ ಬದಲಿಸುವುದನ್ನು ಯಾರ ಮರ್ಜಿಗೂ ಬಿಡಬಾರದು, ಅದಕ್ಕೊಂದು ಸಾಧನವೇ ಇರಬೇಕು ಅಂತ ತೀರ್ಮಾನ ಮಾಡಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಕಂಬ.

ಕಂಬ ಮತ್ತು ಬುಡ

ದೊಡ್ಡಪ್ಪನ ಷರತ್ತು ಎರಡೇ. "ಕಣಕ್ಕೆ ಒಂದು ತೂತು ಕೊರೆಯಬಾರದು. ಪೇಂಟ್ ಒಂದು ತೊಟ್ಟೂ ಬೀಳಬಾರದು. ನವೆಂಬರಿನಲ್ಲಿ ಮತ್ತೆ ಕಾಫಿ ಹರವಬೇಕು ನೋಡು, ಮಗಳೇ." ನ್ಯಾಯವಾದ ಮಾತು. ಕಂಬ ಎತ್ತಿಡುವಂಥದ್ದೇ ಆಗಬೇಕಾಯಿತು.

ದೊಡ್ಡವರ ಆಟಕ್ಕೆ ರಿಂಗ್ ನೆಲದಿಂದ 3.05 ಮೀಟರ್ ಎತ್ತರ, ಅಂದರೆ ಹತ್ತು ಅಡಿ. ಹೈ ಫೈವ್‌ಗೆ ಒಂಬತ್ತು ಅಡಿ, 2.74 ಮೀಟರ್. ಎರಡೂ ಎತ್ತರ ಬೇಕು ಅನ್ನಿಸಿತು. ಸಂಜೆ ದೊಡ್ಡ ಹುಡುಗಿಯರೂ ಆಡಲು ಬರುತ್ತಾರಲ್ವಾ. ಅದಕ್ಕೆ ಪೈಪಿನೊಳಗೆ ಪೈಪು ಇಟ್ಟು ಮಾಡಿದೆವು. ಒಳಗಿನದು ಎರಡೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಅದರ ಹೊರಸುತ್ತಿನ ವ್ಯಾಸ 76 ಎಂಎಂ. ನಿಯಮ ಕೇಳುವುದು 65ರಿಂದ 100 ಎಂಎಂ, ಹಾಗಾಗಿ ಸರಿಹೋಯಿತು. ಹೊರಗಿನದು ಮೂರು ಇಂಚಿನದು. ಎರಡರ ನಡುವೆ ನಾಲ್ಕೈದು ಎಂಎಂ ಸಂದು ಉಳಿಯುತ್ತದೆ, ಒಳಪೈಪು ಆರಾಮವಾಗಿ ಜಾರುತ್ತದೆ.

ಒಳಪೈಪು ತಲಾ 2.6 ಮೀಟರ್. ಆರು ಮೀಟರಿನ ಒಂದು ಲೆಂತ್‌ನಲ್ಲಿ ಎರಡೂ ಕಂಬ ಬಂತು. ಹೊರಪೈಪು ನೆಲದಿಂದ ಒಂದು ಮೀಟರ್ ಮೇಲೆ ನಿಲ್ಲುತ್ತದೆ. ಅದರಲ್ಲಿ ನೆಲದಿಂದ 70 ಸೆಂಟಿಮೀಟರ್ ಎತ್ತರಕ್ಕೆ ಆರ್‌ಪಾರ್ ಒಂದು ತೂತು. ಒಳಪೈಪಿನ ಬುಡದಿಂದ 25 ಸೆಂಟಿಮೀಟರಿಗೆ ಒಂದು ತೂತು, 56 ಸೆಂಟಿಮೀಟರಿಗೆ ಇನ್ನೊಂದು. ಅರ್ಧ ಇಂಚಿನ ಬೋಲ್ಟನ್ನು ಕೆಳಗಿನ ತೂತಿಗೆ ಹಾಕಿದರೆ ಹತ್ತು ಅಡಿ, ಮೇಲಿನದಕ್ಕೆ ಹಾಕಿದರೆ ಒಂಬತ್ತು ಅಡಿ. ಸಂದಿನಿಂದ ಕಂಬ ಅಲ್ಲಾಡದ ಹಾಗೆ ಹೊರಪೈಪಿನ ಬಾಯಿಯ ಹತ್ತಿರ ಎರಡು ನಟ್ ವೆಲ್ಡ್ ಮಾಡಿಸಿ, ಅದರೊಳಗಿಂದ ಬೋಲ್ಟ್ ತಿರುಗಿಸಿ ಒಳಪೈಪನ್ನು ಒತ್ತಿ ಹಿಡಿಯುವ ಹಾಗೆ ಮಾಡಿದೆವು. ಇದೊಂದು ಸಣ್ಣ ಕೆಲಸ. ಇದಿಲ್ಲದಿದ್ದರೆ ಪ್ರತಿ ಚೆಂಡಿಗೂ ಕಂಬ ಗಡಗಡ ಅನ್ನುತ್ತದೆ. ತೂತಿನ ಅಂಚನ್ನು ಅರ ಹಾಕಿ ಉಜ್ಜುವುದು ಬಿಡಬೇಡಿ, ಮಕ್ಕಳ ಬೆರಳು ಹೋಗುವ ಜಾಗ ಅದು.

ಬುಡಕ್ಕೆ ಹಳೇ ಜೀಪ್ ಟೈರ್. ನಮ್ಮ ಕಡೆ ಅದಕ್ಕೆ ಬರವಿಲ್ಲ. ಎಲ್ಲರೂ ಟೈರಿನ ನಡುವಿಗೆ ಪೈಪು ನಿಲ್ಲಿಸಿ ಕಾಂಕ್ರೀಟ್ ತುಂಬುತ್ತಾರೆ. ನೆಟ್‌ಬಾಲಿಗೆ ಅದು ಆಗದು. ಕಂಬ ಗೋಲ್ ಗೆರೆಯ ಮೇಲೆಯೇ ನಿಲ್ಲಬೇಕು. ಪೈಪು ನಡುವೆ ಇದ್ದರೆ ಅರ್ಧ ಟೈರ್ ಅಂಕಣದ ಒಳಗೆ ಬರುತ್ತದೆ, ಚೆಂಡು ನೋಡುತ್ತ ಓಡಿ ಬಂದ ಮಗು ಮುಗ್ಗರಿಸುವುದು ಖಂಡಿತ. ಅದಕ್ಕೆ ಟೈರಿನ ಮೇಲಿನ ಪಕ್ಕೆಯನ್ನು ಪೂರ್ತಿ ಕತ್ತರಿಸಿ ತೆಗೆದು, ಪೈಪನ್ನು ಮುಂದಿನ ಅಂಚಿಗೆ ಒತ್ತಿ ನಿಲ್ಲಿಸಿದೆವು. ಭಾರವೆಲ್ಲ ಹಿಂದೆ, ಕಂಬ ಮುಂದೆ. ಆಡುವವರ ಕಾಲಿಗೆ ಸಿಗುವುದು ರಬ್ಬರ್ ಮಾತ್ರ.

ಪೈಪಿನ ಬುಡಕ್ಕೆ ಎಂಟು ಎಂಎಂ ಕಬ್ಬಿಣದ ತುಂಡುಗಳನ್ನು ಅಡ್ಡಡ್ಡ ವೆಲ್ಡ್ ಮಾಡಿಸಿದ್ದೆವು. ಇಲ್ಲದಿದ್ದರೆ ಪೈಪು ಕಾಂಕ್ರೀಟಿನಿಂದ ಸಡಿಲವಾಗಿ ಸುತ್ತತೊಡಗುತ್ತದೆ. ಕಾಂಕ್ರೀಟ್ 1:2:4, ಅಂದರೆ ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ. ತೂಗುಗುಂಡು ಹಿಡಿದು ಎರಡು ಕಡೆಯಿಂದ ಪೈಪು ನೇರ ಇದೆಯಾ ನೋಡಿ, ಮೂರು ಕೋಲು ಆನಿಸಿ ಬಿಟ್ಟೆವು. ಮೇಲೆ ಒದ್ದೆ ಗೋಣಿಚೀಲ. ಏಳು ದಿನ ನೀರು ಹಾಕುವ ಕೆಲಸ ಮಕ್ಕಳದ್ದೇ. ಒಂದು ಬುಡ ಹತ್ತಿರ ಹತ್ತಿರ 150 ಕೆಜಿ ಬರುತ್ತದೆ. ಇಬ್ಬರು ಸೇರಿ ಕೊಂಚ ವಾಲಿಸಿ, ಗ್ಯಾಸ್ ಸಿಲಿಂಡರ್ ಉರುಳಿಸಿದ ಹಾಗೆ ಅಂಚಿನ ಮೇಲೆ ತಿರುಗಿಸುತ್ತ ಗೋಡೌನ್ ತನಕ ಒಯ್ಯಬಹುದು.

ರಿಂಗ್

ರಿಂಗಿನ ಒಳವ್ಯಾಸ 380 ಎಂಎಂ. ನಿಯಮದಲ್ಲಿ ಇರುವುದು 15 ಎಂಎಂ ಸರಳು. ಅಂಗಡಿಯಲ್ಲಿ ಸಿಕ್ಕಿದ್ದು 16. ಮನೆ ಕಟ್ಟುವ ಗೀರುಗೀರಿನ ಕಂಬಿ ತರಬೇಡಿ, ನಯವಾದ ಸರಳೇ ಬೇಕು. ಗೀರಿದ್ದರೆ ಚೆಂಡಿನ ಚರ್ಮ ಉಜ್ಜಿಹೋಗುತ್ತದೆ. ಎಷ್ಟು ಉದ್ದ ಕತ್ತರಿಸಬೇಕು ಅಂತ ವೆಲ್ಡಿಂಗ್ ಮೇಸ್ತ್ರಿ ಕೇಳಿದರು. ಸರಳಿನ ನಡುಗೆರೆಯ ಲೆಕ್ಕ ಹಿಡಿಯಬೇಕು: 380ಕ್ಕೆ 16 ಸೇರಿಸಿದರೆ 396, ಅದಕ್ಕೆ 3.14 ಗುಣಿಸಿದರೆ ಸುಮಾರು 1244 ಎಂಎಂ. ಮೇಸ್ತ್ರಿ ಒಂದು ಹಳೇ ತಗಡಿನ ಮೇಲೆ ವೃತ್ತ ಎಳೆದು, ಅದರ ಸುತ್ತ ಗೂಟದಂತೆ ತುಂಡು ಕಂಬಿ ವೆಲ್ಡ್ ಮಾಡಿ, ಸರಳನ್ನು ಕಾಯಿಸಿ ಸುತ್ತಿದರು. ನಾನು ಪ್ಲೈವುಡ್ಡಿನಲ್ಲಿ 38 ಸೆಂಟಿಮೀಟರಿನ ಒಂದು ಬಿಲ್ಲೆ ಕತ್ತರಿಸಿ ಒಯ್ದಿದ್ದೆ. ಅದು ಒಳಗೆ ಕೂತರೆ ರಿಂಗ್ ಗುಂಡಗಿದೆ ಅಂತ ಲೆಕ್ಕ. ಒಂದು ಕಡೆ ಸಿಕ್ಕಿಕೊಂಡಿತು, ಸುತ್ತಿಗೆಯಲ್ಲಿ ಎರಡೇಟು ಬಿತ್ತು, ಕೂತಿತು.

ಕಂಬದಿಂದ ರಿಂಗಿಗೆ 150 ಎಂಎಂ ಅಂತರ ಬಿಡಬೇಕು. ಬ್ಯಾಸ್ಕೆಟ್‌ಬಾಲಿನ ಹಾಗೆ ಹಿಂದೆ ಹಲಗೆ ಇರುವುದಿಲ್ಲ. ಚೆಂಡು ಮೇಲಿನಿಂದಲೇ ಇಳಿಯಬೇಕು. ಆದ್ದರಿಂದ ರಿಂಗ್ ಮಟ್ಟವಾಗಿ ಇರುವುದು ಬಹಳ ಮುಖ್ಯ. ಎರಡು ತುಂಡು ಸರಳಿನಿಂದ ರಿಂಗನ್ನು ಕಂಬಕ್ಕೆ ಬೆಸೆದು, ರಸಮಟ್ಟ ಇಟ್ಟಾಗ ಗುಳ್ಳೆ ನಡುವೆಯೇ ನಿಂತಿತು.

ಆಮೇಲೆ ಭಾರದ ಪರೀಕ್ಷೆ. ನೇತಾಡಬೇಡಿ ಅಂತ ಎಷ್ಟು ಹೇಳಿದರೂ ಒಂದು ದಿನ ಯಾರಾದರೂ ನೇತಾಡಿಯೇ ತೀರುತ್ತಾರೆ. 50 ಕೆಜಿಯ ಒಂದು ಚೆರಿ ಕಾಫಿ ಮೂಟೆಯನ್ನು ಹಗ್ಗ ಕಟ್ಟಿ ರಿಂಗಿನ ಮುಂತುದಿಗೆ ತೂಗುಹಾಕಿದೆವು. ಮಕ್ಕಳೆಲ್ಲ ದೂರ. ಬುಡ ಕದಲಲಿಲ್ಲ. ಟೈರಿನ ಹಿಂದಿನ ಅಂಚಿನ ಕೆಳಗೆ ಒಂದು ಕಾಗದ ತೂರಿಸಲು ನೋಡಿದೆ, ಹೋಗಲಿಲ್ಲ. ಆದರೆ ಮೂಟೆ ಇಳಿಸಿ ಮತ್ತೆ ರಸಮಟ್ಟ ಇಟ್ಟಾಗ ಗುಳ್ಳೆ ಕಂಬದ ಕಡೆಗೆ ಸರಿದಿತ್ತು. ಬೆಸುಗೆ ಗಟ್ಟಿ ಇದೆ, ಸರಳೇ ಕಂಬದ ಹತ್ತಿರ ಬಗ್ಗಿದೆ. ಮೇಸ್ತ್ರಿ ಅದನ್ನು ಎತ್ತಿ ನೇರ ಮಾಡಿ, ಎರಡೂ ಸರಳಿನ ಅಡಿಗೆ ಆರು ಎಂಎಂ ಪಟ್ಟಿಯಲ್ಲಿ ಮುಕ್ಕೋನದ ಆಸರೆ ಕೊಟ್ಟರು. ಮತ್ತೆ ಮೂಟೆ ಹಾಕಿದೆವು. ಈ ಸಲ ಗುಳ್ಳೆ ಕದಲಲಿಲ್ಲ. ಈ ಆಸರೆ ಇಲ್ಲದೆ ಯಾರೂ ರಿಂಗ್ ಹಾಕಿಸಬೇಡಿ ಅಂತ ನನ್ನ ಕಳಕಳಿಯ ಮಾತು.

ರೆಡ್ ಆಕ್ಸೈಡ್ ಒಂದು ಕೈ, ಇನಾಮೆಲ್ ಎರಡು ಕೈ. ನಮ್ಮ ಮಳೆಗೆ ಬರಿ ಇನಾಮೆಲ್ ತಡೆಯುವುದಿಲ್ಲ. ಬಲೆಯನ್ನು ನೈಲಾನ್ ಹಗ್ಗದಲ್ಲಿ ಲೈನ್ ಮನೆಯ ಒಬ್ಬ ಅಣ್ಣ ಹೆಣೆದುಕೊಟ್ಟರು, ಹನ್ನೆರಡು ಕುಣಿಕೆ, ಕೆಳಗೆ ಬಾಯಿ ತೆರೆದದ್ದು. ಕಂಬದ ಸುತ್ತ ಹಳೇ ಹಾಸಿಗೆಯ ಫೋಮ್ ಸುತ್ತಿ, ಮೇಲೆ ತಾರ್ಪಾಲು ಹೊಲಿದೆವು. ಬೋಲ್ಟಿನ ತಲೆಗಳೂ ಅದರೊಳಗೆ ಮುಚ್ಚಿಹೋದವು.

ಗೆರೆ

ಕಣದ ಒಂದು ಮೂಲೆಯಲ್ಲಿ ನೆರಳಿಗೆ ಪಾಚಿ ಕಟ್ಟಿತ್ತು. ಬ್ಲೀಚಿಂಗ್ ಪುಡಿ ಹಾಕಿ ಒರಟು ಪೊರಕೆಯಲ್ಲಿ ತಿಕ್ಕಿ ತೊಳೆದೆವು. ಒಣಗಿದ ಮೇಲೆ ಸುಣ್ಣದ ನೀರಲ್ಲಿ ಗೆರೆ. ಒಂದು ಮಳೆ ಬಂದರೆ ಹೋಗುತ್ತದೆ, ದೊಡ್ಡಪ್ಪನಿಗೂ ಸಮಾಧಾನ. ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ, ಅದರ ಹಿಂದೆ ಬರುವ ಬ್ಯಾಕಿಂಗ್ ಮಳೆ ಬಂದಾಗಲೆಲ್ಲ ಮತ್ತೆ ಎಳೆಯಬೇಕು. ಅದಕ್ಕಾಗಿ ಐದು ಸೆಂಟಿಮೀಟರ್ ಸಂದು ಬಿಟ್ಟು ಎರಡು ರೀಪರ್ (ಮರದ ಪಟ್ಟಿ) ಜೋಡಿಸಿ ಒಂದು ಅಚ್ಚು ಮಾಡಿಟ್ಟೆವು. ಸಂದಿನಲ್ಲಿ ಬ್ರಷ್ ಎಳೆದರೆ ಗೆರೆ ಸೊಟ್ಟ ಆಗುವುದಿಲ್ಲ.

ಉದ್ದವನ್ನು ಮೂರು ಪಾಲು ಮಾಡಬೇಕು. ನಮಗೆ ಒಂದು ಪಾಲು 7.33 ಮೀಟರ್. ಕಂಬದ ಎದುರು ಅರ್ಧವೃತ್ತ, ಇದರೊಳಗಿಂದ ಮಾತ್ರ ಗೋಲ್ ಹಾಕಬಹುದು. ದೊಡ್ಡ ಅಂಕಣದಲ್ಲಿ ಇದರ ತ್ರಿಜ್ಯ 4.9 ಮೀಟರ್. ಅಷ್ಟೇ ಎಳೆದರೆ ನಮ್ಮ ಪಾಲಿನ ಬಹುಭಾಗ ಅದೇ ತಿಂದುಬಿಡುತ್ತದೆ, ಅದರೊಳಗೆ ಕಾಲಿಡುವಂತಿಲ್ಲದ ಸೆಂಟರ್ ಆಟಗಾರರಿಗೆ ನಿಲ್ಲಲು ಜಾಗ ಇರುವುದಿಲ್ಲ. ಕಣ ಎಷ್ಟು ಚಿಕ್ಕದೋ ಅದೇ ಲೆಕ್ಕದಲ್ಲಿ ಇಳಿಸಿ 3.5 ಮೀಟರ್ ಮಾಡಿದೆವು. ಕಂಬದ ಬುಡಕ್ಕೆ ಹಗ್ಗ ಕಟ್ಟಿ, ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತಿದರೆ ಆಯಿತು. ನಟ್ಟನಡುವೆ 90 ಸೆಂಟಿಮೀಟರ್ ವ್ಯಾಸದ ಚಿಕ್ಕ ವೃತ್ತ. ಅದನ್ನು ಇಳಿಸಲಿಲ್ಲ.

ಯಾರು ಎಲ್ಲಿ, ಏನು ಮಾಡಬಹುದು

ಐದು ಜಾಗ: ಗೋಲ್ ಶೂಟರ್, ಗೋಲ್ ಅಟ್ಯಾಕ್, ಸೆಂಟರ್, ಗೋಲ್ ಡಿಫೆನ್ಸ್, ಗೋಲ್ ಕೀಪರ್. ನಮ್ಮ ಕಣದ ಕಟ್ಟಳೆ ಹೀಗೆ. ಶೂಟರ್ ಎದುರಾಳಿ ಕಡೆಯ ಪಾಲಿನಲ್ಲಿ ಮಾತ್ರ. ಅಟ್ಯಾಕ್ ಆ ಪಾಲು ಮತ್ತು ನಡುಪಾಲು. ಗೋಲ್ ಹಾಕುವುದು ಇವರಿಬ್ಬರೇ. ಡಿಫೆನ್ಸ್ ನಮ್ಮ ಪಾಲು ಮತ್ತು ನಡುಪಾಲು, ಕೀಪರ್ ನಮ್ಮ ಪಾಲು ಮಾತ್ರ. ಸೆಂಟರ್ ಮೂರೂ ಪಾಲು ಓಡಬಹುದು, ಅರ್ಧವೃತ್ತದೊಳಗೆ ಮಾತ್ರ ಕಾಲಿಡುವಂತಿಲ್ಲ.

ಸೆಂಟರ್ ನಡುವೃತ್ತದಲ್ಲಿ ನಿಂತು ಚೆಂಡು ಹಿಡಿಯುತ್ತಾರೆ, ಸೀಟಿ ಊದಿದ ಮೇಲೆ ಉಳಿದವರು ನಡುಪಾಲಿಗೆ ನುಗ್ಗಬಹುದು. ಮೊದಲ ಪಾಸ್ ನಡುಪಾಲಿನಲ್ಲೇ ಯಾರ ಕೈಗಾದರೂ ತಾಗಬೇಕು. ಗೋಲ್ ಯಾರೇ ಹಾಕಲಿ, ಸೆಂಟರ್ ಪಾಸ್ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಒಂದು ಪಾಲನ್ನು ಪೂರ್ತಿ ದಾಟಿಸಿ ಚೆಂಡು ಎಸೆಯುವಂತಿಲ್ಲ. ಪುಟಿಸುತ್ತ ಓಡುವಂತಿಲ್ಲ. ಮೂರು ಸೆಕೆಂಡಿನಲ್ಲಿ ಪಾಸ್ ಮಾಡಬೇಕು. ಚಿಕ್ಕವರಿಗೆ ನಾವು ಒಂದು ಸೆಕೆಂಡ್ ಜಾಸ್ತಿ ಕೊಟ್ಟೆವು. ಮೈ ತಾಗಿಸಿದರೆ ಪಾಸ್ ಎದುರಾಳಿಗೆ. ತಾಗಿಸಿದವರು ಪಾಸ್ ಆಗುವ ತನಕ ಎಸೆಯುವವರ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು.

ಇಷ್ಟು ಒಂದು ಸಂಜೆಗೆ ಬರುತ್ತದೆ. ಸಮಯ ಹಿಡಿಯುವುದು ಕಾಲಿನ ನಿಯಮ. ಚೆಂಡು ಹಿಡಿದಾಗ ಮೊದಲು ನೆಲಕ್ಕೆ ತಾಗಿದ ಕಾಲು ಅಲ್ಲೇ ಊರಿರಬೇಕು. ಇನ್ನೊಂದು ಕಾಲನ್ನು ಎತ್ತಿಟ್ಟು ತಿರುಗಬಹುದು. ಊರಿದ ಕಾಲು ಎತ್ತಿದರೆ ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು. ಹಾಕಿ ಆಡಿದ ಮಕ್ಕಳಿಗೆ ಚೆಂಡು ಸಿಕ್ಕ ಕೂಡಲೇ ಓಡುವುದೇ ಅಭ್ಯಾಸ. ಸೀಮೆಸುಣ್ಣದಲ್ಲಿ ಊರಿದ ಕಾಲಿನ ಸುತ್ತ ಗೆರೆ ಎಳೆದು, "ಈ ಕಾಲು ಇಲ್ಲೇ ಇರಲಿ, ಮೈ ಮಾತ್ರ ತಿರುಗಲಿ" ಅಂತ ನಿಧಾನಕ್ಕೆ ಆಡಿಸಿದೆ. ಸಿಮೆಂಟ್ ನೆಲ ಅಲ್ವಾ, ಮೊಣಕಾಲು ಬಗ್ಗಿಸಿ ಇಳಿಯುವುದನ್ನೂ ಜೊತೆಗೇ ಕಲಿಸಬೇಕು.

ಚೆಂಡು ಹಿಡಿದವರ ಊರಿದ ಕಾಲಿನಿಂದ 90 ಸೆಂಟಿಮೀಟರ್ ದೂರದಲ್ಲಿ ನಿಂತೇ ತಡೆಯಬೇಕು. ಇದಕ್ಕೆ ಅಷ್ಟೇ ಉದ್ದದ ಬಿದಿರು ಕೋಲು ಕಡಿದಿಟ್ಟಿದ್ದೇನೆ. ಜಗಳ ಬಂದರೆ ಕೋಲು ಹಿಡಿದು ನೋಡುವುದು, ಮುಗಿಯಿತು.

ಚೆಂಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ನೆಟ್‌ಬಾಲ್ ಹತ್ತಿರದ ಅಂಗಡಿಯಲ್ಲಿ ಸಿಗಲಿಲ್ಲ. ನಾಲ್ಕನೇ ಸೈಜಿನ ಫುಟ್‌ಬಾಲ್ ಮಕ್ಕಳ ಕೈಗೆ ಚೆನ್ನಾಗಿ ಕೂರುತ್ತದೆ, ಅದರಲ್ಲೇ ಆಡುತ್ತಿದ್ದೇವೆ. ದೊಡ್ಡವರಿಗೆ ಐದನೇ ಸೈಜ್ ಸಾಕು. ವಾಲಿಬಾಲ್ ತೀರಾ ಹಗುರ, ರಿಂಗಿನ ಮೇಲೆ ಪುಟಿದು ಹೋಗುತ್ತದೆ.

ಸರದಿ ಹಲಗೆ

ನನ್ನ ಮಟ್ಟಿಗೆ ಕಂಬಕ್ಕಿಂತ ದೊಡ್ಡ ಕೆಲಸ ಇದು. ಒಂಬತ್ತು ಮಕ್ಕಳ ಒಂದು ತಂಡಕ್ಕೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಗುಂಡಗೆ ಹೊಡೆದ ಒಂಬತ್ತು ಮೊಳೆ. ಐದು ಮೊಳೆ ಅಂಕಣದ ಜಾಗಕ್ಕೆ, ನಾಲ್ಕು ಹೊರಗಿನ ಕೆಲಸಕ್ಕೆ: ಗಡಿಯಾರ ನೋಡುವುದು, ಗೋಲ್ ಬರೆಯುವುದು, ಸೆಂಟರ್ ಪಾಸ್ ಯಾರದು ಅಂತ ಗುರುತು ಇಡುವುದು, ಅಂಪೈರ್ ಜೊತೆ ಕೋಲು ಹಿಡಿದು ನಿಲ್ಲುವುದು. ಹಳೇ ಟ್ಯೂಬಿನಿಂದ ಬಿಲ್ಲೆ ಕತ್ತರಿಸಿ, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು. ಆರು ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಮುಗಿದ ಕೂಡಲೇ ಪ್ರತಿ ಬಿಲ್ಲೆಯೂ ಮುಂದಿನ ಮೊಳೆಗೆ.

ಮೊಳೆ ಯಾವ ಕ್ರಮದಲ್ಲಿ ಇರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಅಂಕಣದ ಐದೂ ಒಟ್ಟಿಗೆ, ಹೊರಗಿನ ನಾಲ್ಕೂ ಒಟ್ಟಿಗೆ ಹೊಡೆದರು ಅನ್ನಿ. ಹೊರಗಿನ ಮೊದಲ ಮೊಳೆಯಲ್ಲಿ ಶುರು ಮಾಡಿದ ಮಗು ನಾಲ್ಕು ಕ್ವಾರ್ಟರೂ ಹೊರಗೇ ಕಳೆಯುತ್ತದೆ. ಇನ್ನೊಂದು ಮಗು ನಾಲ್ಕೂ ಆಡುತ್ತದೆ. ಸರದಿ ಅನ್ನುವುದು ಹೆಸರಿಗೆ ಮಾತ್ರ ಆಗುತ್ತದೆ.

ಅದಕ್ಕೆ ಒಂದು ಬಿಟ್ಟು ಒಂದು ಹೊಡೆಯಬೇಕು. ಶೂಟರ್, ಗಡಿಯಾರ, ಅಟ್ಯಾಕ್, ಗೋಲ್ ಬರೆಯುವುದು, ಸೆಂಟರ್, ಪಾಸ್ ಗುರುತು, ಡಿಫೆನ್ಸ್, ಕೋಲು, ಕೀಪರ್, ಮತ್ತೆ ಶೂಟರ್. ಈಗ ಒಂಬತ್ತು ಮಕ್ಕಳಲ್ಲಿ ಏಳು ಮಂದಿಗೆ ಎರಡೆರಡು ಕ್ವಾರ್ಟರ್, ಇಬ್ಬರಿಗೆ ಮೂರು. ಐದು ಜಾಗ, ನಾಲ್ಕು ಕ್ವಾರ್ಟರ್, ಒಟ್ಟು ಇಪ್ಪತ್ತು. ಒಂಬತ್ತು ಜನಕ್ಕೆ ಇಪ್ಪತ್ತನ್ನು ಇದಕ್ಕಿಂತ ಸಮ ಹಂಚಲು ಬರುವುದಿಲ್ಲ. ಆ ಇಬ್ಬರು ಯಾರು ಅಂದರೆ ಡಿಫೆನ್ಸ್ ಮತ್ತು ಕೀಪರ್ ಮೊಳೆಯಲ್ಲಿ ಶುರು ಮಾಡಿದವರು. ಮುಂದಿನ ಪಂದ್ಯಕ್ಕೆ ಬಿಲ್ಲೆಗಳನ್ನು ಕಲಸುವುದಿಲ್ಲ, ಬಿಟ್ಟಲ್ಲಿಂದಲೇ ಒಂದು ಮೊಳೆ ಮುಂದೆ ಹೋಗುತ್ತೇವೆ. ಹಾಗಾಗಿ ಆ ಲಾಭವೂ ಕೈ ಬದಲಾಗುತ್ತ ಹೋಗುತ್ತದೆ.

ತಂಡಕ್ಕೆ ಏಳೇ ಮಕ್ಕಳು ಬಂದ ದಿನಕ್ಕೆ ಹಲಗೆಯ ಹಿಂಬದಿಯಲ್ಲಿ ಏಳು ಮೊಳೆ: ಶೂಟರ್, ಅಟ್ಯಾಕ್, ಗಡಿಯಾರ, ಸೆಂಟರ್, ಡಿಫೆನ್ಸ್, ಗೋಲ್ ಬರೆಯುವುದು, ಕೀಪರ್. ಆರು ಮಂದಿಗೆ ಮೂರು ಕ್ವಾರ್ಟರ್, ಒಬ್ಬರಿಗೆ ಎರಡು. ಎರಡು ತಂಡಕ್ಕೆ ಎರಡು ಹಲಗೆ.

ಆಡುವ ಜಾಗದ ಹೆಸರು ಎದೆಗೂ ಬೆನ್ನಿಗೂ ಕಾಣುವ ಹಾಗೆ ಹಳೇ ಬೆಡ್‌ಶೀಟಿನಲ್ಲಿ ಬಿಬ್ (ಅಂಗಿಯ ಮೇಲೆ ತೊಡುವ ಬಟ್ಟೆ) ಹೊಲಿದು, ಪಕ್ಕಕ್ಕೆ ವೆಲ್ಕ್ರೋ ಹಾಕಿದೆ. ಕ್ವಾರ್ಟರ್ ನಡುವೆ ಬೇಗ ಬಿಚ್ಚಿ ಹಾಕಬಹುದು.

ಹಲಗೆ ಬಂದ ಮೇಲೆ ಜಗಳ ಕಡಿಮೆಯಾಯಿತು. ಯಾರೂ ನನ್ನನ್ನು ಕೇಳುವುದಿಲ್ಲ, ಹಲಗೆ ನೋಡುತ್ತಾರೆ. ಲೈನ್ ಮನೆಯ ಎಲ್ಲರಿಗಿಂತ ಚಿಕ್ಕ ಹುಡುಗಿ ತನ್ನ ಬಿಲ್ಲೆ ಶೂಟರ್ ಮೊಳೆಗೆ ಬಂದಾಗ ನಂಬಲೇ ಇಲ್ಲ. "ಅಕ್ಕ, ನಾನೂ ಹಾಕಬಹುದಾ?" ಅಂದಳು. ನೀನೇ ಹಾಕಬೇಕು ಅಂದೆ. ಎರಡು ಸಲ ಚೆಂಡು ರಿಂಗಿನ ತನಕ ಮುಟ್ಟಲಿಲ್ಲ. ಮೂರನೇ ಸಲ ಮೊಣಕಾಲು ಬಗ್ಗಿಸಿ, ಕೈ ತಲೆಯ ಮೇಲೆ ಎತ್ತಿ, ಕಾಲಿನಿಂದಲೇ ಬಲ ತಂದು ಎಸೆದಳು. ಚೆಂಡು ರಿಂಗಿನ ಒಳಬದಿಗೆ ತಾಗಿ ಬಲೆಗೆ ಇಳಿಯಿತು. ಒಂಬತ್ತು ಅಡಿಯ ತೂತಿಗೆ ಬೋಲ್ಟ್ ಹಾಕಿದ್ದಕ್ಕೆ ಸಾರ್ಥಕ ಅನ್ನಿಸಿತು. ಅತ್ತ ಎತ್ತರದ ಹುಡುಗ ಕೀಪರ್ ಆಗಿ ನಿಂತಾಗ, ತಾನು ಇಷ್ಟು ದಿನ ಎದುರಾಳಿಗೆ ಎಷ್ಟು ಕಷ್ಟ ಕೊಡುತ್ತಿದ್ದೆ ಅಂತ ಅವನಿಗೆ ಗೊತ್ತಾಯಿತು. ಈಗ ಅವನು ಶೂಟರ್ ಆದಾಗ ಅರ್ಧವೃತ್ತದ ಹೊರಗೆ ಯಾರಿದ್ದಾರೆ ಅಂತ ಮೊದಲು ನೋಡುತ್ತಾನೆ.

ಹಲಸು ಹಣ್ಣಾಗುವ ಕಾಲ ಬಂದರೆ ತೋಟಕ್ಕೆ ಆನೆ ಇಳಿಯುತ್ತದೆ. ಆಗ ಸಂಜೆ ಐದೂವರೆಗೆ ಆಟ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸುತ್ತೇವೆ. ಗಡಿಯಾರದ ಮೊಳೆಯಲ್ಲಿ ಇರುವವರಿಗೆ ಅದನ್ನು ಹೇಳುವ ಹೊಣೆ.

ಜೂನ್ ಮಳೆ ಹಿಡಿಯುವ ಮೊದಲು ಒಳಪೈಪು ಎತ್ತಿ ಗೋಡೌನಿನ ಅಟ್ಟಕ್ಕೆ. ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಡಬ್ಬಿಯಲ್ಲಿ, ಹೊರಪೈಪಿನ ಬಾಯಿಗೆ ಟ್ಯೂಬ್ ರಬ್ಬರ್ ಕಟ್ಟಿ, ಬುಡಗಳು ಮಾಡಿನ ಕೆಳಗೆ. ಅಕ್ಟೋಬರಿನಲ್ಲಿ ಬಿಸಿಲು ಬಂದ ಮೇಲೆ ಕೊಯ್ಲಿನ ತನಕ ಮತ್ತೆ ಕೆಲವು ವಾರ ಸಿಗುತ್ತದೆ. ಅಷ್ಟರೊಳಗೆ ಎಂಟು ಮಕ್ಕಳ ಲೆಕ್ಕಕ್ಕೆ ಇನ್ನೊಂದು ಹಲಗೆ ಮಾಡಬೇಕು. ಐದು ಒಳಗೆ, ಮೂರು ಹೊರಗೆ. ಇಪ್ಪತ್ತನ್ನು ಎಂಟರಿಂದ ಭಾಗಿಸಿದರೆ ಎರಡೂವರೆ, ಅಂದರೆ ನಾಲ್ವರಿಗೆ ಮೂರು, ನಾಲ್ವರಿಗೆ ಎರಡು ಬರಬೇಕು. ಆ ಕ್ರಮವನ್ನು ಹುಡುಕುವ ಕೆಲಸ ಮಕ್ಕಳಿಗೇ ಕೊಟ್ಟಿದ್ದೇನೆ.